ಏಪ್ರಿಲ್‌ನಲ್ಲಿ ಬಾವಿ ಬತ್ತುವುದೇಕೆ? ಹೈಸ್ಕೂಲು ಭೂಗೋಳ ಮೌಲ್ಯಮಾಪನದ ಒಂದು ಪ್ರಕರಣ ಅಧ್ಯಯನ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲು. ಒಂಬತ್ತನೇ ತರಗತಿಗೆ ಭೂಗೋಳದ ಯೂನಿಟ್ ಟೆಸ್ಟ್: 20 ಸ್ಕೋರ್, 45 ನಿಮಿಷ, ಪಾಠ ಮಾನ್ಸೂನ್, ಮಳೆ, ನದಿಗಳು. ಗಡಿನಾಡಿನ ಹಲವು ಶಾಲೆಗಳಲ್ಲಿ ಕಾಣಸಿಗುವುದನ್ನು ಒಟ್ಟು ಸೇರಿಸಿ ಕಟ್ಟಿದ ಮಾದರಿ ತರಗತಿ ಇದು. ಯಾವ ಶಾಲೆ ಎಂದು ಹುಡುಕುವುದು ಬೇಡ.

ಫಲಿತಾಂಶ ನೋಡಿದರೆ ದೂರಲು ಏನೂ ಇಲ್ಲ. ಹೆಚ್ಚಿನ ಮಕ್ಕಳು ಬಿ ಪ್ಲಸ್ ದಾಟಿದ್ದಾರೆ. ನೈಋತ್ಯ ಮಾನ್ಸೂನಿನ ಎರಡು ಶಾಖೆಗಳು, ಮಳೆನೆರಳಿನ ಪ್ರದೇಶ, ಕೇರಳದ 44 ನದಿಗಳಲ್ಲಿ ಪಶ್ಚಿಮಕ್ಕೆ ಹರಿಯುವ 41, ಪೂರ್ವಕ್ಕೆ ಹರಿಯುವ ಕಬಿನಿ, ಭವಾನಿ, ಪಾಂಬಾರ್ ಎಲ್ಲವೂ ಸರಿಯಾಗಿ ಬಂದಿವೆ. ಎಡವಿದ್ದು 4 ಸ್ಕೋರಿನ ಕೊನೆಯ ಪ್ರಶ್ನೆಯಲ್ಲಿ ಮಾತ್ರ: "ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಹೊತ್ತಿಗೆ ಹಲವು ಬಾವಿಗಳು ಬತ್ತುವುದೇಕೆ?"

ಉತ್ತರಕ್ಕೆ ಬೇಕಾದ ಸಂಗತಿಗಳೆಲ್ಲ ಪಾಠದಲ್ಲಿ ಇದ್ದವು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ನದಿಗಳು ಗಿಡ್ಡ: ಮಂಜೇಶ್ವರ ಹೊಳೆಯ ಉದ್ದ 16 ಕಿ.ಮೀ., ಜಿಲ್ಲೆಯ ದೊಡ್ಡ ಹೊಳೆಯಾದ ಚಂದ್ರಗಿರಿಯದೂ 105 ಕಿ.ಮೀ. ಅಷ್ಟೆ. ಇಳಿಜಾರು ಹೆಚ್ಚು, ನೆಲ ಜಂಬಿಟ್ಟಿಗೆ. ಇವೆಲ್ಲ ಮಕ್ಕಳಿಗೆ ಬಿಡಿಬಿಡಿಯಾಗಿ ಗೊತ್ತು. ಒಂದಕ್ಕೊಂದು ಸೇರಿಸಿ ನೋಡುವಂತೆ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಈ ಪ್ರಶ್ನೆಗೆ ಬಂದ ಉತ್ತರಗಳನ್ನು ರಾಶಿ ಹಾಕಿದರೆ ಮೂರು ಗುಂಪಾಗುತ್ತವೆ. ಒಂದೊಂದರ ಮಾದರಿ ಹೀಗಿದೆ.

ಮೊದಲನೆಯದು: "ಮರಗಳನ್ನು ಕಡಿಯುವುದರಿಂದ. ಜನಸಂಖ್ಯೆ ಹೆಚ್ಚಾಗುವುದರಿಂದ. ಬೋರ್‌ವೆಲ್ ಕೊರೆಯುವುದರಿಂದ. ಪ್ಲಾಸ್ಟಿಕ್ ಎಸೆಯುವುದರಿಂದ."

ಎರಡನೆಯದು: "ನಮ್ಮಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಬರುತ್ತದೆ. ಜಂಬಿಟ್ಟಿಗೆ ಮಣ್ಣು ಇದೆ. ನದಿಗಳು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತವೆ."

ಮೂರನೆಯದು: "ಮಳೆಗಾಲದಲ್ಲಿ ನೀರು ತೋಡಲ್ಲಿ ಹೋಗಿ ಹೊಳೆ ಸೇರಿ ಬೇಗ ಕಡಲಿಗೆ ಹೋಗ್ತದೆ. ಗುಡ್ಡೆಯಲ್ಲಿ ನಿಲ್ಲುದಿಲ್ಲ. ಅದಕ್ಕೆ ಮಳೆ ಹೋದ ಮೇಲೆ ಕಟ್ಟ ಕಟ್ಟುದು."

ಟೀಚರ ಬಳಿ ಇದ್ದ ಉತ್ತರಸೂಚಿಯಲ್ಲಿ ಒಂದು ಅಂಶಕ್ಕೆ ಒಂದು ಸ್ಕೋರ್. ಮೊದಲನೆಯ ಉತ್ತರದಲ್ಲಿ ನಾಲ್ಕು ಅಂಶ, ಪ್ಲಾಸ್ಟಿಕನ್ನು ಬಿಟ್ಟು 3. ಎರಡನೆಯದಕ್ಕೂ 3. ಮೂರನೆಯದಕ್ಕೆ 1, ಅದೂ 'ಪ್ರಯತ್ನಕ್ಕೆ'. ಮೂವರಲ್ಲಿ ನೀರು ಎಲ್ಲಿಂದ ಎಲ್ಲಿಗೆ, ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಹಿಡಿದದ್ದು ಮೂರನೆಯ ಮಗು ಮಾತ್ರ. ಕಾರಣ, ಪರಿಣಾಮ, ಪರಿಹಾರ ಮೂರೂ ಅದರ ಮೂರು ವಾಕ್ಯಗಳಲ್ಲಿವೆ (ಕಟ್ಟ ಎಂದರೆ ತೋಡಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು). ಮೊದಲನೆಯದು ಪರಿಸರದ ಯಾವ ಪ್ರಶ್ನೆಗೂ ಹೊಂದುವ ಉತ್ತರ. ಭೂಕುಸಿತಕ್ಕೂ ಅದೇ, ಬರಗಾಲಕ್ಕೂ ಅದೇ. 'ಮರ ಕಡಿಯುವುದರಿಂದ' ಎಂಬ ಸಾಲಿಗೆ ಕಣ್ಣುಮುಚ್ಚಿ ಸ್ಕೋರ್ ಕೊಡುವ ರೂಢಿ ಎಷ್ಟು ಬೇಗ ನಿಂತರೆ ಅಷ್ಟು ಒಳ್ಳೆಯದು. ಮರ ಇಲ್ಲದಿದ್ದರೆ ನೀರಿಗೆ ಏನಾಗುತ್ತದೆ ಎಂದು ಮುಂದಿನ ಒಂದು ವಾಕ್ಯ ಬಂದರೆ ಮಾತ್ರ ಅದು ಭೂಗೋಳದ ಉತ್ತರ.

ದೋಷ ಉತ್ತರಸೂಚಿಯಲ್ಲಿ ಮಾತ್ರ ಇರಲಿಲ್ಲ, ಪ್ರಶ್ನೆಪತ್ರಿಕೆಯಲ್ಲೂ ಇತ್ತು. ಅದನ್ನು ಅಳೆಯುವ ಸುಲಭ ದಾರಿ ಒಂದಿದೆ. ಮಗುವಿನ ನೋಟ್ಸನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪ್ರಶ್ನೆ ಓದಿ. ಉತ್ತರ ನೋಟ್ಸಿನ ಒಂದೇ ಜಾಗದಲ್ಲಿ ಇಡಿಯಾಗಿ ಸಿಕ್ಕಿದರೆ ಅದು ನೆನಪಿನ ಪ್ರಶ್ನೆ. 'ವಿಶ್ಲೇಷಿಸಿ', 'ವಿಮರ್ಶಿಸಿ' ಎಂಬ ಕ್ರಿಯಾಪದ ಇದ್ದರೂ ಲೆಕ್ಕ ಅದೇ. ಹೀಗೆ ನೋಡಿದಾಗ ಈ ಪತ್ರಿಕೆಯ 20ರಲ್ಲಿ 16 ಸ್ಕೋರ್ ನೆನಪಿಗೇ ಹೋಗಿತ್ತು. "ಪಶ್ಚಿಮ ಘಟ್ಟಗಳು ಮಳೆಯ ಹಂಚಿಕೆಯ ಮೇಲೆ ಬೀರುವ ಪ್ರಭಾವವನ್ನು ವಿಶ್ಲೇಷಿಸಿ" ಎಂಬುದು ಉನ್ನತ ಮಟ್ಟದ ಪ್ರಶ್ನೆ ಎಂದು ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ದಾಖಲಾಗಿತ್ತು. ಅದರ ಉತ್ತರವನ್ನೋ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸಿ ಆಗಿತ್ತು.

ನೆನಪಿನ ಪ್ರಶ್ನೆ ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಸ್ಥಳ ಗೊತ್ತಿಲ್ಲದೆ, ಹೆಸರು ಗೊತ್ತಿಲ್ಲದೆ ಭೂಗೋಳ ಇಲ್ಲ. ಕೇರಳದಲ್ಲಿ 2024-25ರಲ್ಲಿ 8ನೇ ತರಗತಿಯಿಂದ ಶುರುವಾದ, ಲಿಖಿತ ಪರೀಕ್ಷೆಗೆ ಶೇಕಡಾ 30ರ ಕನಿಷ್ಠ ಮಿತಿಯೂ ಇದೆ. ಹಿಂದೆ ಬಿದ್ದ ಮಗು ಕೈಹಿಡಿದು ಹತ್ತಲು ಕೆಲವು ಮೆಟ್ಟಿಲು ಪತ್ರಿಕೆಯಲ್ಲಿ ಇರಲೇಬೇಕು. ಹೊಸ ಹಂಚಿಕೆ ಹೀಗಾಯಿತು: 8 ಸ್ಕೋರ್ ನೆನಪಿಗೆ, 7 ಸ್ಕೋರ್ ಕೊಟ್ಟ ನಕ್ಷೆ ಅಥವಾ ಆಲೇಖ ಓದಿ ಉತ್ತರಿಸುವುದಕ್ಕೆ, 5 ಸ್ಕೋರ್ ಪಾಠದಲ್ಲಿ ಬಾರದ ಜಾಗಕ್ಕೆ ಅದೇ ತಿಳಿವಳಿಕೆಯನ್ನು ಒಯ್ಯುವುದಕ್ಕೆ.

ಬಾವಿಯ ಪ್ರಶ್ನೆಯನ್ನು ಒಡೆದು 20 ನಿಮಿಷದ, 8 ಸ್ಕೋರಿನ ಪ್ರಶ್ನೆಯಾಗಿ ಮರಳಿ ಕಟ್ಟಲಾಯಿತು. ಮೇಲ್ಭಾಗದಲ್ಲಿ ಎರಡು ಚಿತ್ರಗಳು. ಒಂದು, ಹನ್ನೆರಡು ತಿಂಗಳ ಮಳೆಯ ಕಂಬ ಆಲೇಖ. ಇನ್ನೊಂದು, ಒಂದು ಗುಡ್ಡೆಯ ಅಡ್ಡಕೊಯ್ತ: ಮೇಲೆ ಚಪ್ಪಟೆ ಪದವು, ಅದರ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ), ಮುರಕಲ್ಲಿನ ಅಡಿಯಲ್ಲಿ ನೀರು ಇಳಿಯಗೊಡದ ಶೇಡಿಮಣ್ಣು, ಬುಡದಲ್ಲಿ ಬೈಲು ಮತ್ತು ತೋಡು. ಇಳಿಜಾರಿನಲ್ಲಿ 'ಕ' ಬಾವಿ, ಬೈಲಿನ ಅಂಚಿನಲ್ಲಿ 'ಖ' ಬಾವಿ.

ಮೊದಲ ಭಾಗ, 1 ಸ್ಕೋರ್: ಆಲೇಖದಲ್ಲಿ ಅತಿ ಹೆಚ್ಚು ಮಳೆಯ ನಾಲ್ಕು ತಿಂಗಳನ್ನು ಗುರುತಿಸಿ, ಉಳಿದ ಎಂಟು ತಿಂಗಳ ಬಗ್ಗೆ ಒಂದು ಮಾತು ಬರೆಯಬೇಕು. ಎರಡನೆಯದು, 2 ಸ್ಕೋರ್: ಜುಲೈಯಲ್ಲಿ ಪದವಿನ ಮೇಲೆ ಬಿದ್ದ ನೀರು ಹೋಗುವ ದಾರಿಗಳನ್ನು ಅಡ್ಡಕೊಯ್ತದ ಮೇಲೆ ಬಾಣ ಹಾಕಿ ತೋರಿಸಬೇಕು. ಮೂರನೆಯದು, 2 ಸ್ಕೋರ್: 'ಕ', 'ಖ' ಇವುಗಳಲ್ಲಿ ಯಾವುದು ಮೊದಲು ಬತ್ತುತ್ತದೆ, ಏಕೆ? ಕೊನೆಯದು, 3 ಸ್ಕೋರ್: ಮೇಲಿನ ಮೂರರಲ್ಲಿ ಕನಿಷ್ಠ ಎರಡನ್ನು ಬಳಸಿ ಏಪ್ರಿಲ್‌ನ ಬರವನ್ನು ವಿವರಿಸಬೇಕು.

ಎರಡನೆಯ ಭಾಗವೇ ಇಡೀ ಪ್ರಶ್ನೆಯ ಜೀವಾಳ. ಸರಿಯಾದ ಚಿತ್ರದಲ್ಲಿ ಮೂರು ಬಗೆಯ ಬಾಣ ಬೇಕು. ಪದವಿನ ಗಟ್ಟಿ ಮೇಲ್ಪದರದ ಮೇಲಿಂದ ತೋಡಿಗೆ ಓಡುವ ನೀರು ಒಂದು. ತೂತುತೂತಾದ ಮುರಕಲ್ಲಿನೊಳಗೆ ಇಳಿಯುವ ನೀರು ಎರಡು. ಶೇಡಿಮಣ್ಣಿನ ಮೇಲೆ ಇಳಿಯಲು ದಾರಿಯಿಲ್ಲದೆ ಪಕ್ಕಕ್ಕೆ ಜರುಗಿ, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊರಬರುವ ನೀರು ಮೂರು. ಹೆಚ್ಚಿನ ಮಕ್ಕಳು ಮೊದಲನೆಯದನ್ನು ಹಾಕಿ ನಿಲ್ಲಿಸುತ್ತಾರೆ. ಕೆಲವರು ಎರಡನೆಯದನ್ನು ಹಾಕಿ, ಬಾಣವನ್ನು ಶೇಡಿಮಣ್ಣು ದಾಟಿಸಿ ಪುಟದ ಅಂಚಿನ ವರೆಗೆ ಇಳಿಸುತ್ತಾರೆ. ನೆಲದಡಿಯ ನೀರು ಎಂದರೆ ಅವರ ಮನಸ್ಸಿನಲ್ಲಿ ಎಲ್ಲೋ ಆಳದಲ್ಲಿ ತುಂಬಿ ನಿಂತ ಕೆರೆ. ಈ ತಪ್ಪು ಕಲ್ಪನೆ ಬರಹದ ಉತ್ತರದಲ್ಲಿ ಎಂದೂ ಹೊರಬೀಳುವುದಿಲ್ಲ. 'ನೀರು ಇಂಗುತ್ತದೆ' ಎಂದು ಬರೆದ ಇಬ್ಬರಲ್ಲಿ ಒಬ್ಬರಿಗೆ ಸರಿಯಾದ ಚಿತ್ರ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. ಬಾಣ ಹಾಕಿಸಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಸ್ವಾರಸ್ಯ ಏನೆಂದರೆ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಹಲವು ಮಕ್ಕಳ ಮನೆಗೆ ನೀರು ಬರುವುದೇ ಸುರಂಗದಿಂದ. ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲಕ್ಕೆ ಕೊರೆದ ಸುರಂಗ ಕೆಲಸ ಮಾಡುವುದು ಮೂರನೆಯ ಬಾಣದ ನೀರಿನಿಂದ. ಆ ಮಕ್ಕಳೇ ಮೂರನೆಯ ಬಾಣ ಹಾಕಲಿಲ್ಲ. ಮನೆಯ ನೀರು ಪರೀಕ್ಷೆಯ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರುವುದಿಲ್ಲ. ಪ್ರಶ್ನೆಯಲ್ಲಿ 'ನಿಮ್ಮ ಊರಿನ ಸುರಂಗ, ಮದಕ ಅಥವಾ ಕಟ್ಟ ಇವುಗಳಲ್ಲಿ ಒಂದನ್ನು ಚಿತ್ರದಲ್ಲಿ ಸರಿಯಾದ ಜಾಗದಲ್ಲಿ ಗುರುತಿಸಿ' (ಮದಕ ಎಂದರೆ ಮಳೆನೀರು ತಡೆದು ನಿಲ್ಲಿಸುವ ಕೆರೆ) ಎಂಬ ಒಂದು ಸಾಲು ಸೇರಿಸಿದರೆ ಕೆಲಸ ಆಗುತ್ತದೆ. ಆದರೆ ಅದನ್ನು ಬಾಣದ ಭಾಗ ಮುಗಿದ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ಸುರಂಗದ ಹೆಸರೇ ಉತ್ತರದ ಸುಳಿವಾಗಿಬಿಡುತ್ತದೆ.

ಸ್ಕೋರ್ ಹಾಕುವುದಕ್ಕೆ ಅಂಶ ಎಣಿಸುವ ಪದ್ಧತಿ ಕೈಬಿಟ್ಟು ಮಟ್ಟ ನೋಡುವ ಪದ್ಧತಿ ಹಿಡಿಯಲಾಯಿತು. 1982ರಲ್ಲಿ ಜಾನ್ ಬಿಗ್ಸ್ ಮತ್ತು ಕೆವಿನ್ ಕಾಲಿಸ್ ರೂಪಿಸಿದ ಸೋಲೋ ಶ್ರೇಣಿ ಇದಕ್ಕೆ ಸರಿಹೊಂದುತ್ತದೆ; ಉತ್ತರದಲ್ಲಿ ಎಷ್ಟು ಸಂಗತಿ ಇದೆ ಎಂಬುದಕ್ಕಿಂತ ಅವು ಹೇಗೆ ಕೂಡಿಕೊಂಡಿವೆ ಎಂಬುದನ್ನು ಅದು ನೋಡುತ್ತದೆ. 3 ಸ್ಕೋರಿನ ಕೊನೆಯ ಭಾಗಕ್ಕೆ ಹೀಗೆ: ವಿಷಯಕ್ಕೆ ಸಂಬಂಧವಿಲ್ಲದ್ದು ಅಥವಾ ಎಲ್ಲದಕ್ಕೂ ಹೊಂದುವ ಸಾಲುಗಳಾದರೆ 0. ಒಂದು ಸರಿಯಾದ ಸಂಗತಿ ಇದ್ದರೆ 1. ಎರಡು ಮೂರು ಸಂಗತಿಗಳು ಪಟ್ಟಿಯಂತೆ ಇದ್ದರೂ 1. ಮೊದಲಿನ ಪದ್ಧತಿಯವರಿಗೆ ಒಗ್ಗದ ಜಾಗ ಇದೇ. ಎರಡು ಸಂಗತಿಗಳ ನಡುವೆ 'ಆದ್ದರಿಂದ' ಇದ್ದು, ಅದು ನಿಜವಾಗಿಯೂ ಸರಿಯಾಗಿದ್ದರೆ 2. ಮಳೆಯ ಕಾಲ, ನೆಲದ ರಚನೆ, ಬಾವಿಯ ಜಾಗ ಮೂರೂ ಒಂದೇ ಎಳೆಯಲ್ಲಿ ಬಂದರೆ 3. ಬೋರ್‌ವೆಲ್ ಬಗ್ಗೆ ಬರೆದವರನ್ನು ಏನು ಮಾಡುವುದು ಎಂದು ಮೊದಲೇ ತೀರ್ಮಾನಿಸಿಡಬೇಕು. ಬೋರ್‌ವೆಲ್ ಕಾರಣವಾಗಬಹುದು, ಆದರೆ ಪ್ರಶ್ನೆ ಕೊಟ್ಟ ಚಿತ್ರಗಳ ಮೇಲಿದೆ. ನೀರಿನ ಮಟ್ಟ ಇಳಿಯುವ ಬಗೆ ಹೇಳಿದರೆ ಒಂದು ಸಂಗತಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಬರೀ ಹೆಸರಿಗೆ ಏನೂ ಇಲ್ಲ.

ಉತ್ತರಪತ್ರಿಕೆ ನೋಡುವಾಗ ಒಬ್ಬರದು ಪೂರ್ತಿ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬಾರದು. ಎಲ್ಲರ ಎರಡನೆಯ ಭಾಗ, ಆಮೇಲೆ ಎಲ್ಲರ ಮೂರನೆಯ ಭಾಗ ಎಂದು ನೋಡಬೇಕು. ಮೊದಲ ಪುಟದಲ್ಲಿ ಚೆಂದದ ಅಕ್ಷರ ಕಂಡ ಕೈ ಕೊನೆಯ ಪುಟದಲ್ಲಿ ಧಾರಾಳವಾಗುವುದು ಸಹಜ. ಹತ್ತು ಪತ್ರಿಕೆಗಳನ್ನು ಇನ್ನೊಬ್ಬ ಸಮಾಜ ವಿಜ್ಞಾನ ಮಾಷ್ಟ್ರು ಮೊದಲಿನ ಸ್ಕೋರ್ ನೋಡದೆ ಮತ್ತೆ ನೋಡಬೇಕು. ಎಲ್ಲಿ 1ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೋ ಅಲ್ಲಿ ಮಗುವಿನ ಉತ್ತರಕ್ಕಿಂತ ಮೊದಲು ಸೂಚಿಯ ಸಾಲನ್ನು ತಿದ್ದಬೇಕು. ಎಸ್‌ಆರ್‌ಜಿ (ಶಾಲೆಯ ಅಧ್ಯಾಪಕರ) ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಸಾಕು.

ಭಾಷೆಯ ವಿಷಯ ಚಿಕ್ಕದಾದರೂ ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ತರಗತಿಯಲ್ಲಿ ಮನೆಮಾತು ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲವೂ ಇವೆ. 'ಹೋಗ್ತದೆ', 'ಕಟ್ಟುದು' ಎಂಬುದಕ್ಕೆ ಭೂಗೋಳದ ಸ್ಕೋರ್ ಕತ್ತರಿಸುವುದಾದರೆ ನಾವು ಅಳೆಯುತ್ತಿರುವುದು ಬೇರೆ ಏನನ್ನೋ. ಜಂಬಿಟ್ಟಿಗೆ, ಮುರಕಲ್ಲು, ಚೆಂಗಲ್ಲು ಯಾವುದು ಬರೆದರೂ ವಿವರಣೆಯ ಭಾಗದಲ್ಲಿ ಒಂದೇ ಬೆಲೆ. ಪಾರಿಭಾಷಿಕ ಪದ ಗೊತ್ತಿದೆಯೇ ಎಂದು ತಿಳಿಯಬೇಕಾದರೆ ಅದಕ್ಕೆ ನೆನಪಿನ 8ರಲ್ಲಿ ಬೇರೆ 1 ಸ್ಕೋರಿನ ಪ್ರಶ್ನೆ ಇಡಿ.

ಇದೇ ಅವಧಿಯ ಸಿ.ಇ. (ನಿರಂತರ ಮೌಲ್ಯಮಾಪನ) ಚಟುವಟಿಕೆಯಲ್ಲೂ ಇಂಥದೇ ಒಂದು ತೊಡಕು ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನಕ್ಕೆ 80 ಸ್ಕೋರ್ ಲಿಖಿತ, 20 ಸ್ಕೋರ್ ನಿರಂತರ ಮೌಲ್ಯಮಾಪನ. ಆ 20 ಬಹುತೇಕ ಎಲ್ಲರಿಗೂ ತುಂಬ ಸಿಗುತ್ತದೆ ಎಂಬುದು ಗುಟ್ಟೇನಲ್ಲ. ಚಟುವಟಿಕೆ ಸ್ಥಳೀಯ ಮಧ್ಯಾಹ್ನದ ಕುರಿತದ್ದು. ಕಾಸರಗೋಡು ಸುಮಾರು 75° ಪೂರ್ವ ರೇಖಾಂಶದಲ್ಲಿದೆ, ಭಾರತೀಯ ಕಾಲಮಾನದ ರೇಖೆ 82°30'. ವ್ಯತ್ಯಾಸ 7°30', ಒಂದು ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ. ಹಾಗಾಗಿ ನೆರಳು ಅತಿ ಗಿಡ್ಡವಾಗುವುದು 12ಕ್ಕಲ್ಲ, 12:30ರ ಹೊತ್ತಿಗೆ. ಲೆಕ್ಕ ಎಲ್ಲರೂ ಸರಿ ಮಾಡಿದರು. ಕೋಲು ನೆಟ್ಟು ನೆರಳು ಅಳೆದ ದಾಖಲೆಯಲ್ಲೂ ಎಲ್ಲರದೂ 12:30. ಅನುಮಾನ ಬರಬೇಕಾದದ್ದು ಅಲ್ಲೇ. ನವೆಂಬರ್ ಮೊದಲ ವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತಾನೆ. ನಿಜವಾಗಿ ಅಳೆದಿದ್ದರೆ 12:14ರ ಆಸುಪಾಸು ಬರಬೇಕಿತ್ತು. ಫೆಬ್ರವರಿ ಎರಡನೆಯ ವಾರದಲ್ಲಾದರೆ 12:44. ಸರಿಯಾಗಿ ಅಳೆದು 12:15 ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೆರೆ ಬಿದ್ದು, ಅಳೆಯದೆ 12:30 ಬರೆದವರಿಗೆ ಪೂರ್ತಿ ಸ್ಕೋರ್ ಸಿಗುವ ಅಪಾಯ ಇದರಲ್ಲಿದೆ.

ಅಳೆಯುವ ಕ್ರಮವನ್ನೂ ಹೇಳಿಕೊಡಬೇಕು. 1 ಮೀಟರ್ ನೇರ ಕೋಲು, ನೂಲಿಗೆ ಕಲ್ಲು ಕಟ್ಟಿ ಲಂಬ ನೋಡಿ ನೆಟ್ಟದ್ದು, ಸುತ್ತ ಮಟ್ಟಸ ನೆಲ. ಅತಿ ಗಿಡ್ಡ ನೆರಳನ್ನು ನೇರವಾಗಿ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ, ಮಧ್ಯಾಹ್ನದ ಹತ್ತಿರ ಉದ್ದ ಬದಲಾಗುವುದು ತೀರಾ ನಿಧಾನ. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ಒಂದು ವೃತ್ತ ಎಳೆದು, ನೆರಳಿನ ತುದಿ ಅದನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಮುಟ್ಟುವ ಹೊತ್ತು ಬರೆದುಕೊಳ್ಳುವುದು ಲೇಸು. 11:20 ಮತ್ತು 1:08 ಎಂದಾದರೆ ನಡುವಿನ ಹೊತ್ತು 12:14. ನವೆಂಬರ್ ಆರಂಭದಲ್ಲಿ ಮಧ್ಯಾಹ್ನದ ನೆರಳು ಅರ್ಧ ಮೀಟರಿನಷ್ಟಿರುತ್ತದೆ, ವೃತ್ತ ಅದಕ್ಕಿಂತ ತುಸು ದೊಡ್ಡದಿರಲಿ. ಸ್ಕೋರನ್ನು ಹೀಗೆ ಹಂಚಬಹುದು: ಜೋಡಣೆಗೆ 1, ಅಲ್ಲೇ ಬರೆದ ಕಚ್ಚಾ ಅಳತೆಗೆ 2, ಲೆಕ್ಕಕ್ಕೆ 1, ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸದ ಬಗ್ಗೆ ಬರೆದದ್ದಕ್ಕೆ 1. ಕಾರಣ ಪೂರ್ತಿ ಗೊತ್ತಿರಬೇಕಿಲ್ಲ, ವ್ಯತ್ಯಾಸ ಇದೆ ಎಂದು ಒಪ್ಪಿ ಬರೆದರೆ ಸಾಕು. ಅರ್ಥವಾಗಿದೆಯೇ ಎಂದು ತಿಳಿಯಲು ಬಾಯಿಮಾತಿನ ಒಂದು ಪ್ರಶ್ನೆ: ಜೂನ್ ತಿಂಗಳ ಮಧ್ಯಾಹ್ನ ಇದೇ ಕೋಲಿನ ನೆರಳು ಯಾವ ಕಡೆಗೆ? ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದ ವರೆಗೆ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ನೆರಳು ಬೀಳುವುದು ದಕ್ಷಿಣಕ್ಕೆ. ಉತ್ತರಕ್ಕೆ ಎಂದು ತಟ್ಟನೆ ಹೇಳುವವರೇ ಹೆಚ್ಚು.

ಟೋಪೋ ನಕ್ಷೆಯ ಪ್ರಶ್ನೆಗಳ ಬಗ್ಗೆ ಎರಡೇ ಮಾತು. 1:50,000 ನಕ್ಷೆಯ ತುಣುಕಿನಲ್ಲಿ ಪೂರ್ವರೇಖೆ (ಮೇಲಿಂದ ಕೆಳಗೆ ಎಳೆದ ಗೆರೆ) 23ರಿಂದ 30, ಉತ್ತರರೇಖೆ (ಅಡ್ಡಗೆರೆ) 65ರಿಂದ 72 ಇದ್ದರೆ, ಎರಡನ್ನು ಅದಲುಬದಲು ಮಾಡುವ ಮಗುವಿನ ತಪ್ಪು ಹೊರಗೆ ಬರುವುದೇ ಇಲ್ಲ. 2568ನ್ನು 6825 ಎಂದು ಹುಡುಕಿದರೂ ಆ ಚೌಕ ನಕ್ಷೆಯಲ್ಲಿಲ್ಲದ ಕಾರಣ ಮಗು ತಾನಾಗಿ ತಿರುಗಿಸಿ 2568 ನೋಡುತ್ತದೆ. ಎರಡೂ ರೇಖೆಗಳಲ್ಲಿ ಒಂದೇ ಸಂಖ್ಯೆಗಳು ಬರುವ ತುಣುಕು ಆರಿಸಬೇಕು. ಇನ್ನೊಂದು, ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನೋಡಿ ಹೊಳೆ ಹರಿಯುವ ದಿಕ್ಕು ಹೇಳುವ ಪ್ರಶ್ನೆ. ನಮ್ಮ ಜಿಲ್ಲೆಯ ತುಣುಕು ಕೊಟ್ಟರೆ ರೇಖೆ ನೋಡದೆಯೇ 'ಪಶ್ಚಿಮ' ಎಂದು ಬರೆದು ಪೂರ್ತಿ ಸ್ಕೋರ್ ಪಡೆಯಬಹುದು. ಅಟ್ಟಪ್ಪಾಡಿಯ ಭವಾನಿಯ ತುಣುಕು ಕೊಡಿ. ರೇಖೆಗಳ ಕೊಕ್ಕು ಹೊಳೆಯ ಮೇಲುಭಾಗಕ್ಕೆ ಚಾಚಿರುತ್ತದೆ ಎಂದು ಗೊತ್ತಿದ್ದವರು ಮಾತ್ರ ಪೂರ್ವ ಎಂದು ಬರೆಯುತ್ತಾರೆ.

ಹೊಸ ಪ್ರಶ್ನೆಯ ಎರಡನೆಯ ಸುತ್ತಿನಲ್ಲಿ ಹೊಸ ಸಮಸ್ಯೆ ಎದ್ದಿತು. ಅಡ್ಡಕೊಯ್ತದ ಪ್ರಶ್ನೆ ಬರುತ್ತದೆ ಎಂದು ತಿಳಿದು ಮೂರು ಬಾಣಗಳ ಚಿತ್ರವನ್ನು ನೋಟ್ಸಿನಲ್ಲಿ ಬರೆಸಲಾಗಿತ್ತು. ಅಲ್ಲಿಗೆ ಆ ಪ್ರಶ್ನೆ ನೆನಪಿನ ಪಾಲಾಯಿತು; ಒಳ್ಳೆಯ ಪ್ರಶ್ನೆಗೂ ಆಯುಷ್ಯ ಒಂದೇ ಪರೀಕ್ಷೆ. ಅದಕ್ಕೇ 5 ಸ್ಕೋರಿನ ಕೊನೆಯ ಭಾಗ ಬೇಕಾಗುವುದು. ಕ್ರಿಸ್ಮಸ್ ಪರೀಕ್ಷೆಗೆ ಮೊದಲಿನ ಟೆಸ್ಟಿನಲ್ಲಿ ಮೇಘಾಲಯದ ಸೋಹ್ರಾ, ಅಂದರೆ ಚಿರಾಪುಂಜಿಯನ್ನು ಇಡಲಾಯಿತು: ವರ್ಷಕ್ಕೆ 11,000 ಮಿ.ಮೀ.ಗೂ ಹೆಚ್ಚು ಮಳೆ, ಚಳಿಗಾಲದಲ್ಲಿ ಕುಡಿಯುವ ನೀರಿಗೆ ತತ್ವಾರ. ಕೊಟ್ಟದ್ದು ಮಳೆಯ ಕಂಬ ಆಲೇಖ, ಪ್ರಸ್ಥಭೂಮಿ ಕಡಿದಾಗಿ ಬಾಂಗ್ಲಾದೇಶದ ಬಯಲಿಗೆ ಇಳಿಯುವ ಅಡ್ಡಕೊಯ್ತ, ಮತ್ತು 'ಮಣ್ಣಿನ ಪದರ ತೆಳು, ಅಡಿಯಲ್ಲಿ ಮರಳುಗಲ್ಲು ಹಾಗೂ ಸುಣ್ಣಕಲ್ಲು' ಎಂಬ ಒಂದು ಸಾಲು.

ಇಲ್ಲಿ ಉತ್ತರಗಳು ಮತ್ತೆ ಬೇರ್ಪಟ್ಟವು. ಕೆಲವರು ಸೋಹ್ರಾದಲ್ಲಿ ಮುರಕಲ್ಲು ಇದೆ, ಶೇಡಿಮಣ್ಣಿನ ಮೇಲೆ ನೀರು ಪಕ್ಕಕ್ಕೆ ಹೋಗುತ್ತದೆ, ಸುರಂಗ ಕೊರೆಯಬಹುದು ಎಂದು ಬರೆದರು. ಕೊಟ್ಟ ಸಾಲನ್ನು ಅವರು ಓದಿಯೇ ಇಲ್ಲ. ಮಳೆ ಕೆಲವೇ ತಿಂಗಳಲ್ಲಿ ಬೀಳುತ್ತದೆ ಎಂಬುದನ್ನು ಆಲೇಖದಿಂದ ಹಿಡಿದಿದ್ದರೆ ಅವರಿಗೆ 5ರಲ್ಲಿ 1. ತೆಳು ಮಣ್ಣು ಮತ್ತು ಕಡಿದಾದ ಇಳಿಜಾರು ಎರಡನ್ನೂ ಬಳಸಿ, 'ನಮ್ಮಲ್ಲಿ ಸ್ವಲ್ಪವಾದರೂ ಮುರಕಲ್ಲು ಹಿಡಿದಿಡುತ್ತದೆ, ಅಲ್ಲಿ ಅದೂ ಇಲ್ಲ' ಎಂಬಂತೆ ವ್ಯತ್ಯಾಸ ಹೇಳಿದವರಿಗೆ 5. ನಡುವಿನವರು ಇಳಿಜಾರನ್ನು ಹಿಡಿದು ಕಲ್ಲನ್ನು ಬಿಟ್ಟವರು, 3. ರಿಜಿಸ್ಟರಿನಲ್ಲಿ ಈ ಸ್ಕೋರನ್ನು ಒಟ್ಟು 20ರೊಳಗೆ ಮುಳುಗಿಸದೆ ಬೇರೆ ಕಲಂನಲ್ಲಿ ಬರೆದಿಟ್ಟರೆ, ಪರಿಹಾರ ಬೋಧನೆಗೆ ಯಾರನ್ನು ಕೂರಿಸಬೇಕು ಎಂಬುದು ಸರಿಯಾಗಿ ತಿಳಿಯುತ್ತದೆ: 20ರಲ್ಲಿ 15 ಬಂದು ಈ ಕಲಂನಲ್ಲಿ 1 ಇರುವವರನ್ನು. ಅವರಿಗೆ ಪಾಠ ಮತ್ತೆ ಹೇಳುವ ಅಗತ್ಯವಿಲ್ಲ. ಎರಡು ಅಡ್ಡಕೊಯ್ತಗಳನ್ನು ಅಕ್ಕಪಕ್ಕ ಇಟ್ಟು, ಏನು ಒಂದೇ, ಏನು ಬೇರೆ ಎಂದು ಜೋಡಿಯಾಗಿ ಗುರುತಿಸುವ ಒಂದು ಪಿರಿಯಡ್ ಸಾಕಾಗುತ್ತದೆ.